ಬುಟ್ಟಿ ಕೆಳಗಿನ ಮುದ್ದೆ

ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ದುರ್ಗದ ಬಸ್ಸಿಗೆ ಕಾಯುತ್ತಿದ್ದ ಏಕಾಂತಮ್ಮನ ಕಿವಿ, ಪಕ್ಕದಲ್ಲಿ ನಿಂತ ಇಬ್ಬರು ಹೆಂಗಸರ ಮಾತಿಗೆ ಅಂಟಿಕೊಂಡಿತು. ಕಿರಿಯವಳ ಒಂದು ಕೈಯಲ್ಲಿ ಆಸ್ಪತ್ರೆ ಚೀಟಿ, ಇನ್ನೊಂದರಲ್ಲಿ ಕಡ್ಡಿಯಂಥ ಮಗಳು.

“ಡಾಕ್ಟ್ರು ಏನಂದ್ರೇ ರಂಜಿತಾ?”

“ರಕ್ತ ಇನ್ನೂ ಕಮ್ಮಿ ಆಗೈತಂತೆ ಜುಂಜಕ್ಕ. ರಾಗಿ, ಸೊಪ್ಪು ತಿನ್ನಿಸ್ರಿ, ಮಗೀನ ಜೊತೀಗೆ ಕುಂದ್ರಿಸ್ಕಂಡು ಅಡಿಗೆ ಮಾಡ್ರಿ, ತಾನಾಗೇ ತಿಂತಾಳೆ ಅಂತಾರೆ.”

“ಮಾಡಿ ನೋಡೇ.”

“ಮಾಡಿದ್ನಲ್ಲ! ಕೈ ಒದ್ದೆ ಮಾಡ್ಕಂಡು ನಿಂಬೆಹಣ್ಣಿನಷ್ಟು ನಾಕು ಮುದ್ದೆ ಕಟ್ಟಿದ್ಲು. ಎಲ್ರಿಗೂ ಬಡಿಸಿದ್ಲು. ತಾನು ಮಾತ್ರ ಮುಟ್ಲಿಲ್ಲ.”

“ಎರಡು ಬಿಗೀಬೇಕಿತ್ತು.”

“ಬಿಗಿದೆ. ಅತ್ಕಂತಾನೇ ಕೇಳಿದ್ಲು, ಮುದ್ದೆ ಒಳ್ಳೇದಾದ್ರೆ ಅವತ್ತು ಇಸ್ಕೂಲ್ ಮಿಸ್ಸು ಮನೀಗೆ ಬಂದಾಗ ಬುಟ್ಟಿ ಕವುಚಿ ಅದನ್ನ ಯಾಕೆ ಮುಚ್ಚಿಟ್ಟೆ ಅಂತ.”

“ಬಂದೋರಿಗೆ ಅನ್ನ ಮಾಡೋದು ನಮ್ಮಲ್ಲಿ ಪದ್ಧತಿ ಅನ್ಬೇಕಿತ್ತು.”

“ಅಂದೆ. ಅನ್ನ ಮಾಡು, ಮುದ್ದೆ ಯಾಕೆ ಮುಚ್ಚಿಟ್ಟೆ ಅಂತಾಳೆ. ಏನು ಹೇಳ್ಲಿ, ನೀನೇ ಹೇಳಕ್ಕ.”

ಜುಂಜಕ್ಕ ಸೆರಗು ಸರಿಮಾಡಿಕೊಂಡಳು. ಏಕಾಂತಮ್ಮನಿಗೆ ತನ್ನ ಮನೆಯ ಬುಟ್ಟಿಯೂ ನೆನಪಾಯಿತು.

“ಇವತ್ತು ಸಂಜೀಗೆ ಏನು ಮಾಡ್ತೀಯ?”

“ನಾದಿನೀನ ನೋಡಾಕೆ ಗಂಡಿನ ಕಡೆಯೋರು ಬರ್ತಾರೆ. ಅನ್ನನೇ.”

ಅಷ್ಟರಲ್ಲಿ ಚಿಕ್ಕಜಾಜೂರಿನ ಬಸ್ಸು ಬಂತು. ಹುಡುಗಿ ಅವ್ವನ ಸೆರಗು ಜಗ್ಗಿದಳು.

“ಅವ್ವಾ, ನಾನೂ ಜೊತೀಗೆ ಮಾಡ್ತೀನಿ. ಇವತ್ತು ಮುದ್ದೆ ಎಲ್ಲಿ ಮುಚ್ಚಿಡಾಣ?”

ರಂಜಿತಾ ಅವಳನ್ನೆತ್ತಿ ಬಸ್ಸಿನೊಳಗೆ ಬಿಟ್ಟಳು.