ಹೆರಿಂಗ್ ಲೇನ್‌ನ ನಾಲ್ಕು ಹಾಡು

...ಬೇಡ, ಹಾಡು ನಿಲ್ಲಿಸ್ಬೇಡ! ಇರ್ಲಿ ಬಿಡು, ಇನ್ನೊಂದು ಸಾಲು... ಹಾಂ, ಈಗ ಕೇಳು. ಕೇಳಿದ್ಯಾ? ‘ನಾಳೆ ದೋಣಿ ಬರುತ್ತೆ’ ಅನ್ನೋ ಕಡೆ ಉಸಿರು ತಗೊಂಡೆ ನೋಡು. ಅಲ್ಲಿ ಉಸಿರು ತಗೋಬಾರದು ಅಂತ ಹಾಡು ಕಲಿಸೋ ಮೇಷ್ಟ್ರು ನನಗೆ ಎಷ್ಟು ಸಲ ಬೈದಿದ್ರು! ನೀನು ಯಾವತ್ತೂ ಅಲ್ಲಿ ಉಸಿರು ತಗೊಂಡೋಳಲ್ಲ. ನಾನು ತಗೋತಿದ್ದೆ. ಅಂದ್ಮೇಲೆ ಹಾಡ್ತಿರೋದು ಯಾರು? ನಾನು! ಹೆಸ್ಟರ್ ಪ್ರಿಂಗಲ್! ರೆಕಾರ್ಡಿನ ಕವರ್ ಮೇಲೆ ಯಾರ ಹೆಸರು? ಗ್ಲೆನಿಸ್ ಬೋವೆನ್. ನಿಂದು.

ಯಾಕೆ ನಗ್ತೀಯಾ?

ನಗು, ನಗು. ನಿನಗೇನು ಹೋಗೋದು. ಅರವತ್ತೆರಡು ವರ್ಷ ಮೂಲೇಲಿ ಧೂಳು ತಿಂತಾ ಬಿದ್ದಿದ್ದ ರೆಕಾರ್ಡು ಕಣೇ ಇದು. ‘ಹೆರಿಂಗ್ ಲೇನ್’ ಅಂತ ಒಂದು ಸಂಗೀತ ನಾಟಕ ಇತ್ತು ಅಂತ್ಲೇ ಲಂಡನ್ನಿನಲ್ಲಿ ಒಬ್ಬರಿಗೂ ನೆನಪಿಲ್ಲ. ಇಪ್ಪತ್ಮೂರು ಆಟ ಆಡಿ ಮುಚ್ಚಿದ ನಾಟಕ! ಮೀನು ಹೆಚ್ಚೋ ಹುಡುಗಿಯರ ಕಥೆ ಯಾರಿಗೆ ಬೇಕಿತ್ತು? ಈಗ ನೋಡು, ಯಾರೋ ಅದನ್ನ ಹುಡುಕಿ, ಒರೆಸಿ, ಸಿಡಿ ಮಾಡ್ತಿದಾರೆ. ಒಂದು ಹಾಡನ್ನ ಮೊದಲೇ ಇಂಟರ್ನೆಟ್ಟಲ್ಲಿ ಬಿಟ್ಟಿದಾರಂತೆ. ಜನ ಬರೀತಾರೆ, ‘ಗ್ಲೆನಿಸ್ ಬೋವೆನ್ ದನಿ ಕೇಳಿ ಅತ್ತುಬಿಟ್ಟೆ’ ಅಂತ. ಮೊಮ್ಮಗಳು ಫೋನಲ್ಲಿ ಓದಿ ಹೇಳಿದ್ಲು. ‘ಅದು ನಾನು ಕಣೇ’ ಅಂದೆ. ‘ಆಯ್ತು ಅಜ್ಜಿ’ ಅಂದ್ಲು. ಆಯ್ತು ಅಜ್ಜಿ! ಹುಚ್ಚರಿಗೆ ಹೇಳ್ತಾರಲ್ಲ, ಹಾಗೆ.

ಅದಕ್ಕೇ ಬಂದೆ. ಎರಡು ರೈಲು ಬದಲಾಯಿಸಿ, ಈ ಮಂಡಿ ಇಟ್ಕೊಂಡು, ಸಮುದ್ರದ ದಡದ ಈ ನಿನ್ನ ವರ್ದಿಂಗ್‌ಗೆ. ಸಿಡಿ ಕಂಪನಿಯವನು, ಆ ಬೋಳುತಲೆ ಟಾರ್ವರ್, ನಾಲ್ಕು ಗಂಟೆಗೆ ನಿನ್ನ ಮಾತಾಡ್ಸೋಕೆ ಇಲ್ಲಿಗೇ ಬರ್ತಾನಲ್ಲ. ಸೋಮವಾರ ಕವರು ಅಚ್ಚಿಗೆ ಹೋಗುತ್ತೆ ಗ್ಲೆನಿಸ್. ನಾನು ಫೋನ್ ಮಾಡಿದ್ದಕ್ಕೆ ಏನಂದ ಗೊತ್ತಾ? ‘ಮಿಸ್ ಬೋವೆನ್ ಒಪ್ಪಿದ್ರೆ ನಿಮ್ಮ ಹೆಸರು ಹಾಕ್ತೀವಿ ಮೇಡಂ.’ ನೀನು ಒಪ್ಪಿದ್ರೆ! ನನ್ನ ಗಂಟಲಿಗೆ ನಿನ್ನ ಸಾಕ್ಷಿ ಬೇಕಂತೆ.

ಒಂದೇ ಒಂದು ಮಾತು ಹೇಳು ಸಾಕು. ‘ಆ ಭಾನುವಾರ ನಾನು ಹಾಡಲಿಲ್ಲ, ನನ್ನ ಪಾತ್ರಕ್ಕೆ ಬದಲಿಯಾಗಿದ್ದ ಹೆಸ್ಟರ್ ಹಾಡಿದ್ಲು. ನನಗೆ ಗಂಟಲು ಕೆಟ್ಟಿತ್ತು.’ ಅಷ್ಟೇ.

ಯಾಕೆ ಹುಬ್ಬೇರಿಸ್ತೀಯಾ? ಕೆಟ್ಟಿತ್ತಲ್ವಾ? ಶನಿವಾರ ಎರಡನೇ ಆಟದಲ್ಲಿ ಕೆಮ್ತಾ ಇದ್ದೆ ನೀನು, ನಾನು ಪಕ್ಕದಲ್ಲಿ ನಿಂತು ಕೇಳಿದೀನಿ... ಇಲ್ವಾ? ಸರಿ, ಗಂಟಲಲ್ಲ. ಮಂಜು. ಮಂಜು ಬಿದ್ದು ನಿನ್ನ ರೈಲು ನಿಮ್ಮೂರು ಸ್ವಾನ್ಸೀಲೇ ನಿಂತುಬಿಡ್ತು. ಅಮ್ಮನ್ನ ನೋಡೋಕೆ ಹೋಗಿದ್ದೆ ಅಲ್ವಾ ನೀನು, ಶನಿವಾರ ರಾತ್ರಿ ರೈಲಿಗೆ... ತಲೆ ಯಾಕೆ ಅಲ್ಲಾಡಿಸ್ತೀಯಾ? ಮೇ ತಿಂಗಳು... ಹೌದು, ಮೇ ತಿಂಗಳಲ್ಲಿ ಎಂಥ ಮಂಜು. ಸರಿ ಮಹರಾಯ್ತಿ! ಮರೆತೆ ಅನ್ನು! ಮರೆಯದ ಮನುಷ್ಯರು ಯಾರಿದಾರೆ?

ಬೇಡ, ಬಿಸ್ಕತ್ತು ಬೇಡ. ಶುಂಠೀದು ಈಗ ಹಲ್ಲಿಗೆ ಆಗಲ್ಲ.

ನೋಡು, ನಾನು ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ. ನೀನು ಬರಲಿಲ್ಲ, ನಾನು ಹಾಡಿದೆ. ವಾದ್ಯದವರು ಮೂವತ್ತು ಜನ ಕೂತಿದ್ರು. ಅವರನ್ನ ಮೂರೇ ಗಂಟೆ ಕಾಲಕ್ಕೆ ಅಂತ ಲೆಕ್ಕ ಹಾಕಿ ಕರೆಸಿರ್ತಾರೆ, ಒಂದು ನಿಮಿಷ ಹೆಚ್ಚಾದ್ರೂ ಪಿಟೀಲು ಪೆಟ್ಟಿಗೆಗೆ ಹಾಕಿ ಎದ್ದು ಹೋಗ್ತಾರೆ. ನಾಟಕದ ಯಜಮಾನರು ಗಡಿಯಾರ ನೋಡೋದು, ಬಾಗಿಲು ನೋಡೋದು. ಕೊನೆಗೆ ನನ್ನ ಕಡೆ ತಿರುಗಿ, ‘ಏ, ನೀನು. ನಿಲ್ಲು ಮೈಕಿನ ಮುಂದೆ’ ಅಂದ್ರು. ಹೆಸರೂ ನೆನಪಿರ್ಲಿಲ್ಲ ಅವರಿಗೆ. ಆದ್ರೆ ನಾನು... ಅಯ್ಯೋ ಗ್ಲೆನಿಸ್, ಆ ಮೂರು ಗಂಟೆ! ನಾಲ್ಕು ಹಾಡು. ಹನ್ನೊಂದು ನಿಮಿಷ. ಮುಗಿದ್ಮೇಲೆ ಪಿಟೀಲಿನವರು ಚಪ್ಪಾಳೆ ಬದಲು ಕಮಾನಿನಿಂದ ಸ್ಟ್ಯಾಂಡು ತಟ್ಟಿದ್ರು. ನನಗೆ! ಆಮೇಲೆ ಯಜಮಾನರು ಮೆತ್ತಗೆ ಬಂದು, ‘ಕವರು ಆಗ್ಲೇ ಅಚ್ಚಾಗಿದೆ ಕಣಮ್ಮಾ, ಬಾಯಿ ಬಿಡ್ಬೇಡ’ ಅಂದ್ರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ನನಗೆ ಸಿಕ್ಕಿದ್ದೇನು? ಕ್ರಿಸ್ಮಸ್ ನಾಟಕಗಳಲ್ಲಿ ಇಬ್ಬರು ಒಳಗೆ ಹೊಕ್ಕು ಆಡಿಸೋ ಹಸುವಿನ ವೇಷ. ಅದೂ ಮುಂದಿನ ಕಾಲಲ್ಲ, ಹಿಂದಿನದು! ಹನ್ನೊಂದು ವರ್ಷ ಹಸುವಿನ ಹಿಂಗಾಲಾಗಿ ಬಗ್ಗಿ ನಡೆದೋಳು ನಾನು. ಈಗ್ಲಾದ್ರೂ ನಗು, ಇದಕ್ಕೆ ನಗ್ಬೋದು.

ನಗಲ್ವಾ.

ಗ್ಲೆನಿಸ್, ಈ ಲೋಕದಲ್ಲಿ ನನ್ನ ದನಿ ಇರೋದು ಆ ಹನ್ನೊಂದು ನಿಮಿಷ. ಬೇರೆಲ್ಲೂ ಇಲ್ಲ. ನಾಳೆ ನಾನು ಸತ್ರೆ ಅದೂ ನಿನ್ನ ಹೆಸರಲ್ಲೇ ಉಳಿಯುತ್ತೆ. ಕೈ ಮುಗೀತೀನಿ ಕಣೇ. ನಿನಗೇನು ಕಮ್ಮಿಯಾಗುತ್ತೆ? ನಿನಗೆ ಈ ಮನೆ ಇದೆ, ಸಮುದ್ರ ಇದೆ, ಮೂವತ್ತು ವರ್ಷ ಅಂಗಡೀಲಿ ಕೈಚೀಲ, ಕೈಗವಸು ಮಾರಿ ನೆಮ್ಮದಿಯಾಗಿ...

ಸರಿ. ನೆಮ್ಮದಿ ಅನ್ನೋ ಮಾತು ವಾಪಸ್ ತಗೋತೀನಿ. ಹಾಗೆ ನೋಡ್ಬೇಡ.

ರೆಕಾರ್ಡಿಂಗ್‌ಗೆ ಬರಲಿಲ್ಲ ಅಂತ ಯಜಮಾನರು ನಿನ್ನ ನಾಟಕದಿಂದ ತೆಗೆದುಹಾಕಿದ್ದು ತಪ್ಪೇ. ‘ಇವಳನ್ನ ನಂಬೋಕಾಗಲ್ಲ’ ಅಂತ ಊರೆಲ್ಲ ಸಾರಿದ್ರು. ಆಮೇಲೆ ಒಂದು ನಾಟಕ ಕಂಪನಿಯವರೂ ನಿನ್ನ ಕರೀಲಿಲ್ಲ. ನನಗೂ ಸಂಕಟ ಆಯ್ತು, ಇಲ್ಲ ಅನ್ನಲ್ಲ. ನಿನ್ನ ಜಾಗಕ್ಕೆ ನನ್ನನ್ನೂ ಹಾಕಲಿಲ್ಲ, ಹೊರಗಿಂದ ಯಾರನ್ನೋ ತಂದ್ರು. ಇಬ್ಬರೂ ಹಾಳಾದ್ವಿ. ಆದ್ರೂ ನೀನು ಒಳ್ಳೆಯವಳು. ಪ್ರತಿ ಕ್ರಿಸ್ಮಸ್‌ಗೂ ಕಾರ್ಡು ಕಳ್ಸಿದೀಯಾ. ಒಂದೇ ಸಾಲು, ಪ್ರತಿ ಸಲಾನೂ ಅದೇ: ‘ಹೇಳೋದು ಏನಾದ್ರೂ ಇದ್ರೆ ಬಾ.’ ಇವಳಿಗೆ ಬೇರೆ ಮಾತು ಬರಲ್ವಾ ಅಂತ ಗಂಡನ ಹತ್ರ ಆಡ್ಕೊಂಡು ನಗ್ತಿದ್ದೆ.

ಟೈಮ್ ನೋಡು, ಮೂರೂ ಮುಕ್ಕಾಲು. ಹೇಳೇ! ಗಂಟಲು ಅಂತಾದ್ರೂ ಹೇಳು, ರೈಲು ಅಂತಾದ್ರೂ ಹೇಳು! ಆದ್ರೆ ಥಿಯೇಟರಿನ ಆ ನೋಟೀಸ್ ಹಲಗೆ ವಿಷಯ ಮಾತ್ರ ಮತ್ತೆ ಎತ್ತಬೇಡ. ಅವತ್ತು ಎಷ್ಟು ಅತ್ತೆ ನೀನು, ‘ಹಿಂಬಾಗಿಲ ಹಲಗೆ ಮೇಲೆ ಚೀಟಿ ಇರ್ಲಿಲ್ಲ, ರೆಕಾರ್ಡಿಂಗ್ ಸೋಮವಾರ ಅಂದ್ಕೊಂಡೆ’ ಅಂತ. ಯಾರು ನಂಬಿದ್ರು? ಹಲಗೆ ಮೇಲೆ ಬರೆದದ್ದೇ ವೇದ, ನಾಳೆ ಎಷ್ಟು ಗಂಟೆಗೆ ಬರ್ಬೇಕು ಅಂತ ನೋಡ್ಕೊಳ್ದೆ ನಟಿ ಮನೆಗೆ ಹೋಗಬಾರದು, ಇದು ಕಸ ಗುಡಿಸೋಳಿಗೂ ಗೊತ್ತು. ನಿನಗೆ ಯಾವಾಗ್ಲೂ ರೈಲಿನ ಅವಸರ. ‘ಹೆಸ್ಟರ್, ನೀನೇ ಹಲಗೆ ನೋಡಿ ಹೇಳೇ’ ಅಂತಿದ್ದೆ. ಅವತ್ತು ಒಂದು ದಿನ ಬಂದು ನೋಡಿದ್ಯಂತೆ, ಸರಿ, ನೋಡಿದ್ರೆ ತಾನೇ ಏನು ಸಿಗ್ತಿತ್ತು? ಚೀಟಿ ಬೆಂಕಿ ಆರಿಸೋಕೆ ಇಟ್ಟ ಮರಳಿನ ಬಕೆಟ್ಟಲ್ಲಿ ಬಿದ್ದಿದ್ರೆ ಹಲಗೆ ಮೇಲೆ ಎಲ್ಲಿಂದ...

ಏನಿಲ್ಲ.

ಏನಿಲ್ಲ ಅಂದೆನಲ್ಲ. ಯಾರೋ ಹೇಳಿದ್ರು. ಬಾಗಿಲು ಕಾಯ್ತಿದ್ದ ಟಪ್ಪರ್ ಹೇಳ್ದ, ಬಕೆಟ್ಟಲ್ಲಿ ಸಿಗರೇಟು ತುಂಡಿನ ಜೊತೆ ಏನೋ ಕಾಗದ ಸಿಕ್ತು ಅಂತ. ಗಾಳಿಗೆ ಬಿದ್ದಿರುತ್ತೆ. ಪಿನ್ನು ಸಡಿಲ ಇತ್ತೇನೋ... ನಾಲ್ಕು ಚೂರಾಗಿ ಹರಿದಿತ್ತು ಅಂದ್ರೆ...

ಅಯ್ಯೋ, ನನ್ನ ಬಾಯಿ.

ಏನಾದ್ರೂ ಅನ್ನೇ. ಕಪ್ಪು ಎಸಿ. ‘ನೀನಾ ಹರಿದಿದ್ದು? ಸೋಮವಾರ ಅಂತ ನನಗೆ ಹೇಳಿದ್ದು ಬೇಕಂತ್ಲೇನಾ?’ ಅಂತ ಕೇಳು! ಹೌದು, ಬೇಕಂತ್ಲೇ! ಒಂದೇ ಒಂದು ದಿನ ನಾನು ಹಾಡ್ಬೇಕಿತ್ತು, ಒಂದೇ ದಿನ! ನಿನಗೆ ಎರಡು ಬೈಗುಳ ಬೀಳುತ್ತೆ, ಆಮೇಲೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ. ದೇವರಾಣೆ ಅಷ್ಟೇ ಅಂದ್ಕೊಂಡಿದ್ದು. ಕೆಲಸ ಹೋಗುತ್ತೆ ಅಂತ ನನಗೆ... ಆಮೇಲೆ ಹೇಳೋಣ ಅಂತಿದ್ದೆ. ಪ್ರತಿ ವರ್ಷ ಹೇಳೋಣ ಅಂತಿದ್ದೆ. ಹೊಟ್ಟೆಗೆ ಹಾಕ್ಕೋ ಗ್ಲೆನಿಸ್...

ನೀನು... ಟೀ ಬಗ್ಗಿಸ್ತಾ ಇದ್ದೀಯಾ.

ನಿನಗೆ ಯಾಕೆ ಆಶ್ಚರ್ಯ ಆಗ್ಲಿಲ್ಲ? ಇಷ್ಟು ದೊಡ್ಡ ಮಾತು ಹೇಳ್ದೆ, ಯಾಕೆ ಆಗ್ಲಿಲ್ಲ?

ಟಪ್ಪರ್. ಬಕೆಟ್ಟು ಖಾಲಿ ಮಾಡ್ತಿದ್ದೋನು ಅವನೇ. ಚೂರು ಜೋಡಿಸಿ ಓದಿರ್ತಾನೆ. ನನಗೆ ಹೇಳಿದೋನು ನಿನಗೆ ಹೇಳದೆ ಇರ್ತಾನಾ... ಯಾವಾಗ? ಆ ವಾರಾನೇನಾ?

ಹಾಗಾದ್ರೆ ಆ ಕಾರ್ಡುಗಳು.

‘ಹೇಳೋದು ಏನಾದ್ರೂ ಇದ್ರೆ ಬಾ.’

ಅರವತ್ತೆರಡು ಕಾರ್ಡು. ಅಷ್ಟೂ ಸಲ ನೀನು ಕೇಳಿದ್ದು ಇದನ್ನೇನಾ? ನಾನು ಬಂದೆ, ಕೊನೆಗೂ ಬಂದೆ. ಬಂದಿದ್ದು ನನ್ನ ಹೆಸರು ಕೇಳೋಕೆ.

...ಬಾಗಿಲ ಗಂಟೆ. ಅವನೇ. ಬಂದೇ ಬಿಟ್ಟ. ‘ಬಂದೆ ರೀ, ಒಂದು ನಿಮಿಷ!’ ಗ್ಲೆನಿಸ್, ‘ಹಾಡಿದ್ದು ಯಾರು’ ಅಂತ ಕೇಳಿದ್ರೆ ನಾನು ಹೇಳ್ತೀನಿ, ಅದಕ್ಕೆ ಬಾಯಿದೆ ನನಗೆ. ಆಮೇಲೆ ಅವನು ಕೇಳೇ ಕೇಳ್ತಾನೆ, ‘ಹಾಗಾದ್ರೆ ಮಿಸ್ ಬೋವೆನ್ ಅವತ್ತು ಯಾಕೆ ಬರಲಿಲ್ಲ’ ಅಂತ. ನೀನೇ ಏನಾದ್ರೂ ಹೇಳೇ. ಗಂಟಲು ಅನ್ನೇ... ಕಾಲಿಗೆ ಬೀಳ್ತೀನಿ, ಗಂಟಲು ಅನ್ನೇ...

ಅನ್ನಲ್ಲ.

ಮತ್ತೆ ಬಾರಿಸ್ತಿದಾನೆ. ನೀನು ಏಳಲ್ಲ, ಅಲ್ವಾ? ಬಾಗಿಲು ನಾನೇ ತೆಗೀಬೇಕು.