ಮೂರು ನಿಮಿಷದ ಪ್ಲೇಟು

ಅಮರಿಲ್ಲೊ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ದನ ಕಾಯುವ ಆರ್ಲೋ ಮತ್ತು ಅವನ ಹೆಂಡತಿ ಝೆಲ್ಮಾ ಕುಳಿತಿದ್ದರು. ಹೋಟೆಲ್ ಕೋಣೆಯೊಂದರಲ್ಲಿ ತನ್ನ ಹಾಡನ್ನು ಗ್ರಾಮಾಫೋನ್ ಪ್ಲೇಟಿಗೆ ಹಾಡಿ ಅವನು ಆಗಷ್ಟೇ ಬಂದಿದ್ದ.

“ಹಾಡಲ್ಲಿ ನಮ್ಮ ಕೋರಾ ಹೆಸರು ಬಂತಾ?” ಝೆಲ್ಮಾ ಕೇಳಿದಳು.

“ಸದ್ದು ಗುಂಯ್‌ಗುಡಬಾರ್ದು ಅಂತ ಪ್ಲೇಟು ಮಾಡೋರು ಗೋಡೆಗೆಲ್ಲ ಕಂಬಳಿ ಹೊದಿಸಿದ್ರು. ಬೂಟು ಕುಟ್ತೀಯ ಅಂತ ಕಾಲಡಿ ದಿಂಬು ಇಟ್ರು.”

“ಅದನ್ನ ನಿನ್ನ ಬಾಯಿಗೆ ಇಡಬೇಕಿತ್ತು. ಮಗಳು ತೀರಿಹೋಗಿ ಎರಡು ವರ್ಷ ಆಯ್ತು. ಅವಳ ಹೆಸರು ನಾಲ್ಕು ಮನೇಲಿ ಕೇಳ್ಲಿ ಅಂತ ನಿನ್ನ ಕಳಿಸಿದ್ದು. ಬಂತಾ, ಹೇಳೋ.”

“ಅದು ಕೊನೇ ನುಡೀಲಿದೆಯಲ್ಲ. ಪ್ಲೇಟಲ್ಲಿ ಜಾಗ ಮುಗೀತು ಅಂತ ಮೂರು ನಿಮಿಷಕ್ಕೇ ಕೆಂಪು ದೀಪ ಹತ್ತಿಸಿಬಿಟ್ರು.”

“ಬೇಗ ಹಾಡೋಕಾಗ್ಲಿಲ್ವಾ?”

“ಅವರೂ ಅದನ್ನೇ ಅಂದ್ರು. ದನ ಬೆದರದ ಹಾಗೆ ಹಾಡೋ ಹಾಡು ಅದು, ಝೆಲ್ಮಾ. ಕುದುರೆ ನಡೆದಷ್ಟೇ ನಿಧಾನ. ಕೋರಾನೂ ಅದನ್ನ ಕೇಳ್ತಾನೇ ನಿದ್ದೆ ಹೋಗ್ತಿದ್ದಿದ್ದು. ಓಡಿಸೋಕೆ ಮನಸ್ಸು ಬರಲಿಲ್ಲ.”



“ಓಡಿಸಿದ್ರೆ ಮಗು ಎದ್ದುಬಿಡ್ತಿತ್ತು,” ಎಂದಳು ಝೆಲ್ಮಾ. “ಪ್ಲೇಟು ಮನೆಗೆ ಬರಲಿ. ಅದು ನಿಂತ ಮೇಲೆ ಉಳಿದ ನುಡಿ ನೀನು ಹಾಡು.”

“ನೀನೂ ಹಾಡ್ಬೇಕು.”

“ನನ್ನ ಗಂಟಲಿಗೆ ದನ ಎಲ್ಲ ಗಡಿ ದಾಟಿ ಓಡ್ತವೆ.”

ರೈಲು ಬಂತು. ಗಾರ್ಡು ಬಾವುಟ ಬೀಸಿ ಅವಸರ ಮಾಡಿದರೂ ಇಬ್ಬರೂ ಕೈ ಹಿಡಿದುಕೊಂಡು ಕುದುರೆ ನಡಿಗೆಯಲ್ಲೇ ಹೋದರು.