ತುತ್ತೂರಿ ಏರಿದ ಗಳಿಗೆ

ಆಪರೇಷನ್ ಮಾಡುವ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲೇ ವಯಸ್ಸಾದ ಗಂಡ ಹೆಂಡತಿ ಕುಳಿತಿದ್ದರು.

"ಹರ್ನಿಯಾಕ್ಕೆ ಹಾಕಿದ್ದ ಜಾಲರಿ ಸರಿದುಬಿಟ್ಟಿದೆಯಂತೆ. ಮತ್ತೆ ಕೊಯ್ದು ತೆಗೀಬೇಕಂತೆ ಕಣೇ."

"ಸ್ಕ್ಯಾನ್ ಮಾಡಿದವ್ರು ಹೇಳಿದಾಗ ನಾನೂ ಕೇಳಿಸ್ಕೊಂಡೆ."

"ತುತ್ತೂರಿ ಊದಿದ್ರೆ ಹೊಟ್ಟೆ ಕಿತ್ಕೊಂಡು ಬರುತ್ತೆ. ಇನ್ನು ಊದೋದು ಮುಗೀತು ಅನ್ಸುತ್ತೆ."

"ಸರ್ಕಸ್ ಡೇರೇಲಿ ನಾನು ಉಯ್ಯಾಲೆ ಮೇಲೆ ತೂಗಾಡ್ತಿದ್ದದ್ದು ನೆನಪಿದ್ಯಾ? ಕೆಳಗಿಂದ ನಿಮ್ಮ ತುತ್ತೂರಿ ಸ್ವರ ಏರಿದ ತಕ್ಷಣ ಕೈ ಬಿಟ್ಟು ಇನ್ನೊಂದು ಉಯ್ಯಾಲೆಗೆ ಹಾರ್ತಿದ್ದೆ."

"ಜನ ಉಸಿರು ಬಿಗಿಹಿಡ್ಕೊಂಡು ನೋಡ್ತಿದ್ರು. ನಿಂಗೆ ಮಾತ್ರ ಹೆದರಿಕೆ ಅನ್ನೋದೇ ಇರ್ಲಿಲ್ಲ."

"ದಿನಾ ಹೆದರ್ತಿದ್ದೆ. ಅಂಗೈಯೆಲ್ಲಾ ಬೆವರ್ತಿತ್ತು."

"ಒಂದು ದಿನಾನೂ ಹೇಳ್ಲಿಲ್ವಲ್ಲೇ!"

"ಹೇಳಿದ್ರೆ ನಿಮ್ಮ ಉಸಿರು ತಪ್ತಿತ್ತು."

ನರ್ಸ್ ಬಂದು ಕರೆದಳು. ಆತ ಏಳಲಿಲ್ಲ.

"ನಂಗೀಗ ಹೆದರಿಕೆ ಆಗ್ತಿದೆ ಕಣೇ."

"ಆಗ್ಲಿ ಬಿಡಿ. ಕೈ ಕೊಡಿ."

ಇಬ್ಬರೂ ನಿಧಾನವಾಗಿ ಒಳಗೆ ನಡೆದರು.